ಬಾಗಿಲಿನ ಬಗ್ಗೆ ಕಾನೂನು ಮಾಡಿದ ಮೀನು ಮಾರ್ಕೆಟ್ ಹುಡುಗ

ಆಲ್ ಸ್ಮಿತ್ ಅಂತ ನ್ಯೂಯಾರ್ಕ್‌ನಲ್ಲಿ ಒಬ್ಬ ಶಾಸಕ ಇದ್ದ. ಅಪ್ಪ ತೀರಿಕೊಂಡ ಮೇಲೆ ಶಾಲೆ ಬಿಟ್ಟು ದುಡಿಮೆಗಿಳಿದವನು, ಫುಲ್ಟನ್ ಮೀನು ಮಾರ್ಕೆಟ್‌ನಲ್ಲೂ ಕೆಲಸ ಮಾಡಿದವನು. ಶಾಸನಸಭೆಗೆ ಆರಿಸಿ ಬಂದಾಗ ಮಸೂದೆಗಳ ತಲೆಬುಡ ತಿಳಿಯುತ್ತಿರಲಿಲ್ಲವಂತೆ. ರಾತ್ರಿಯೆಲ್ಲ ಕೂತು ಒಂದೊಂದನ್ನೇ ಓದಿ ಕಲಿತ. ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಸೇಫ್ಟಿ ನೋಡಿಕೊಳ್ಳುವ ನನಗೆ ಈ ಮನುಷ್ಯನ ಮೇಲೆ ಸ್ವಲ್ಪ ಜಾಸ್ತಿನೇ ಅಭಿಮಾನ.

1911ರ ಮಾರ್ಚ್ 25, ಶನಿವಾರ. ಇನ್ನೇನು ಕೆಲಸ ಬಿಡುವ ಹೊತ್ತು. ಅದೇ ನ್ಯೂಯಾರ್ಕ್‌ನ ಟ್ರಯಾಂಗಲ್ ಶರ್ಟ್‌ವೇಸ್ಟ್ ಅನ್ನುವ, ಹೆಂಗಸರ ಬ್ಲೌಸ್ ಹೊಲಿಯುವ ಕಾರ್ಖಾನೆಯ 8ನೇ ಮಹಡಿಯಲ್ಲಿ ಬೆಂಕಿ ಬಿತ್ತು. ಅಲ್ಲಿನ ಬಾಗಿಲು ಒಳಕ್ಕೆ ತೆರೆಯುವಂಥದ್ದು. ಹುಡುಗಿಯರು ಗುಂಪಾಗಿ ಅದಕ್ಕೇ ಒತ್ತಿ ನಿಂತರೆ ತೆಗೆಯುವುದು ಹೇಗೆ? 9ನೇ ಮಹಡಿಯಲ್ಲಿ ಇನ್ನೂ ಕೆಟ್ಟದ್ದು, ಒಂದು ಬಾಗಿಲಿಗೆ ಬೀಗವೇ ಬಿದ್ದಿತ್ತು. ಕೆಲಸದವರು ಬಟ್ಟೆ ಕದ್ದುಕೊಂಡು ಹೋಗುತ್ತಾರೆ ಅಂತ ಎಲ್ಲರನ್ನೂ ಒಂದೇ ಬಾಗಿಲಲ್ಲಿ ಬಿಟ್ಟು ಬ್ಯಾಗ್ ನೋಡಿ ಕಳಿಸುತ್ತಿದ್ದರು. ಹೊರಗಿನ ಕಬ್ಬಿಣದ ಮೆಟ್ಟಿಲು ಭಾರ ತಡೆಯದೆ ಕುಸಿಯಿತು. ಫೈರ್ ಇಂಜಿನ್ ಏಣಿ 6ನೇ ಮಹಡಿವರೆಗೆ ಮಾತ್ರ ಎಟುಕಿತು. ಸತ್ತವರು 146 ಜನ. ಮಾಲೀಕರಿಬ್ಬರೂ ಅದೇ ಡಿಸೆಂಬರ್‌ನಲ್ಲಿ ಖುಲಾಸೆಯಾದರು.

ಸ್ಮಿತ್ ಸತ್ತವರ ಮನೆಗಳಿಗೆ ಹೋದ. ಅದೇ ವರ್ಷ ಒಂದು ತನಿಖಾ ಆಯೋಗ ಆಯಿತು. ಸೆನೆಟರ್ ರಾಬರ್ಟ್ ವ್ಯಾಗ್ನರ್ ಅಧ್ಯಕ್ಷ, ಸ್ಮಿತ್ ಉಪಾಧ್ಯಕ್ಷ. ಇಬ್ಬರೂ ಟ್ಯಾಮನಿ ಹಾಲ್‌ನವರು. ಅಂದ್ರೆ ಲಂಚಕ್ಕೆ ಹೆಸರಾದ ರಾಜಕೀಯ ಗುಂಪಿನವರು! ಆಯೋಗ ಅಂದರೆ ಕಡತ ಅಂದುಕೊಂಡವರಿಗೆ ಮುಂದಿನದು ಆಶ್ಚರ್ಯ ಆಗಿರಬೇಕು.

ಬೆಂಕಿಯನ್ನು ಕಣ್ಣಾರೆ ಕಂಡಿದ್ದ ಫ್ರಾನ್ಸಿಸ್ ಪರ್ಕಿನ್ಸ್ ಅನ್ನುವ ಗಟ್ಟಿಗಿತ್ತಿ ಆಯೋಗದ ಕೆಲಸಕ್ಕೆ ಸೇರಿಕೊಂಡಿದ್ದಳು. ಈ ನಾಯಕರನ್ನು ಆಕೆ ಕಾರ್ಖಾನೆಗಳಿಗೇ ಕರೆದೊಯ್ದಳು. ಒಂದು ಕಡೆ ಗೋಡೆಯಲ್ಲಿದ್ದ ಸಣ್ಣ ಕಿಂಡಿಗೆ 'ಫೈರ್ ಎಸ್ಕೇಪ್' ಅಂತ ಹೆಸರು. ಸೆನೆಟರ್ ಸಾಹೇಬರನ್ನು ಅದರಲ್ಲೇ ತೂರಿಸಿದಳು. ಆಚೆ ಬದಿ ಮಂಜುಗಟ್ಟಿದ ಕಡಿದಾದ ಕಬ್ಬಿಣದ ಏಣಿ. ಅದೂ ನೆಲ ಮುಟ್ಟುತ್ತಿರಲಿಲ್ಲ, 12 ಅಡಿ ಮೇಲೆಯೇ ಮುಗಿಯುತ್ತಿತ್ತು. ನಮ್ಮಲ್ಲಿ ಆಡಿಟ್‌ಗೆ ಬರುವವರು ಕಾನ್ಫರೆನ್ಸ್ ರೂಮಿನಲ್ಲಿ ಕೂತು ಫೈಲ್ ತಿರುವುತ್ತಾರೆ. ಅವತ್ತೊಂದು ದಿನ ಎಮರ್ಜೆನ್ಸಿ ಬಾಗಿಲ ಮುಂದಿನ ಕಾರ್ಟನ್‌ಗಳೆಲ್ಲ ಮಾಯ!

ಅವರು ತಂದ ಕಾನೂನುಗಳನ್ನು ಓದಿದರೆ ಆ ಸುತ್ತಾಟದ ಫಲ ಕಾಣುತ್ತದೆ. ಬಾಗಿಲು ಹೊರಕ್ಕೆ ತೆರೆಯಬೇಕು. ಕೆಲಸದ ಹೊತ್ತಿನಲ್ಲಿ ಬೀಗ ಹಾಕಕೂಡದು. ಬಟ್ಟೆಚೂರು ರಾಶಿ ಬೀಳಕೂಡದು. ಫೈರ್ ಡ್ರಿಲ್ ಆಗಬೇಕು. ಹೆಚ್ಚು ಜನರಿರುವ ಎತ್ತರದ ಕಾರ್ಖಾನೆಗಳಲ್ಲಿ ಬೆಂಕಿ ಬಿದ್ದರೆ ತಾನಾಗಿಯೇ ನೀರು ಚಿಮ್ಮುವ ಸ್ಪ್ರಿಂಕ್ಲರ್ ಇರಬೇಕು. 'ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು' ಅನ್ನುವ ನುಣುಚಿಕೊಳ್ಳೋ ಮಾತಲ್ಲ. ಬಾಗಿಲು ಯಾವ ಕಡೆಗೆ ತೆರೆಯಬೇಕು ಅನ್ನುವುದನ್ನೂ ಬಿಟ್ಟಿಲ್ಲ. ಇಂಥ ಕಾನೂನು ಇದ್ದರೆ ನನ್ನಂಥವರಿಗೆ ವಾದ ಮಾಡುವ ಕೆಲಸ ಎಷ್ಟು ಕಡಿಮೆ ಅಲ್ವಾ!

ವಿರೋಧ ಇಲ್ಲದೇ ಇರುತ್ತಾ? ಖರ್ಚು ಜಾಸ್ತಿ ಅಂತ ಕಟ್ಟಡ ಮಾಲೀಕರು ಕೂಗಾಡಿದರು. ವಾರಕ್ಕೊಂದು ದಿನ ರಜೆ ಅಂದಾಗ ಹಣ್ಣು, ತರಕಾರಿ ಡಬ್ಬಿಗೆ ತುಂಬುವ ಕಾರ್ಖಾನೆಯವರು ನಮ್ಮನ್ನು ಬಿಟ್ಟುಬಿಡಿ ಅಂದರು. ಸ್ಮಿತ್ ಎದ್ದು, ವಿಶ್ರಾಂತಿಯ ದಿನ ಆಚರಿಸಿ ಅನ್ನುವ ದೇವರಾಜ್ಞೆಯನ್ನು ಚೆನ್ನಾಗಿ ಓದಿದ್ದೇನೆ, ಡಬ್ಬಿ ಕಾರ್ಖಾನೆ ಹೊರತುಪಡಿಸಿ ಅಂತ ಅದರಲ್ಲಿ ಎಲ್ಲೂ ಸಿಗಲಿಲ್ಲ ಅಂದನಂತೆ. ಡ್ರಿಲ್‌ಗೆ ಲೈನ್ ನಿಲ್ಲಿಸಿದರೆ ಪ್ರೊಡಕ್ಷನ್ ಹೋಗುತ್ತೆ, ಈ ತಿಂಗಳು ನಮ್ಮ ಫ್ಲೋರ್ ಬಿಡಿ ಮೇಡಂ ಅಂತ ಸೂಪರ್‌ವೈಸರ್ ಬಂದು ನಿಂತಾಗಲೆಲ್ಲ ಈ ಮಾತು ನೆನಪಾಗಿ ನಗು ತಡೆಯಲು ಆಗುವುದಿಲ್ಲ. ಅವರು ಮಾತ್ರ ನಾನು ಒಪ್ಪಿದೆ ಅಂದುಕೊಳ್ಳುತ್ತಾರೆ.