ಐವತ್ತನಾಲ್ಕರ ಜಾಗದಲ್ಲಿ ನಲವತ್ತೈದು

ನಮ್ಮ ವರ್ಕ್‌ಶಾಪ್‌ನಲ್ಲಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕಡಿಯುವ ಯಂತ್ರ, ನಡೆಸುವ ಹುಡುಗನೊಬ್ಬ ಜರ್ಮನ್ ಕಲಿಯುತ್ತಿದ್ದಾನೆ. ಮಾಸ್ಟರ್ಸ್‌ಗೆ ಜರ್ಮನಿಗೆ ಹೋಗಬೇಕು ಅಂತ ಅವನ ಆಸೆ. ಮೊನ್ನೆ ಪಾಳಿ ಮುಗಿದ ಮೇಲೆ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ರಸ್ತೆಯಲ್ಲಿ ಚಹಾ ಕುಡಿಯುತ್ತಾ ಕೇಳಿದ: "ಸರ್, ಅಲ್ಲಿ ಕೆಲಸ, ಓದು, ಭಾಷೆ ಮೂರೂ ಹೆಂಗ್ ಮಾಡಿದ್ರಿ? ನನಗ ಇಲ್ಲೇ ದಿನಕ್ಕ ಒಂದ್ ತಾಸು ಸಿಗವಲ್ದು."

"ಮಾಡಲಿಲ್ಲಪಾ" ಅಂದೆ. ತಮಾಷೆ ಅಂದುಕೊಂಡು ನಕ್ಕ. ತಮಾಷೆ ಅಲ್ಲ, ಮೊದಲ ವರ್ಷ ನಿಜವಾಗಿಯೂ ಆಗಲಿಲ್ಲ.

ನಾನು ಹೋದದ್ದು 2022ರ ಅಕ್ಟೋಬರ್‌ನಲ್ಲಿ, ಸ್ಟುಟ್‌ಗಾರ್ಟ್ ಹತ್ತಿರದ ಎಸ್ಲಿಂಗೆನ್ ಊರಿಗೆ. ಪಾಠ ಎಲ್ಲಾ ಇಂಗ್ಲಿಷಿನಲ್ಲಿ. ಆ ರಾಜ್ಯದಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬಂದವರು ಸೆಮಿಸ್ಟರಿಗೆ 1,500 ಯೂರೊ ಫೀ ಕಟ್ಟಬೇಕು. ಅದರ ಮೇಲೆ ಬಾಡಿಗೆ, ಊಟ. ಹಾಗಾಗಿ ಕೆಲಸ ಬೇಕೇ ಬೇಕು. ಆಗ ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 120 ಪೂರ್ತಿ ದಿನ ಅಥವಾ 240 ಅರ್ಧ ದಿನ ದುಡಿಯಬಹುದಿತ್ತು. 2024ರ ಮಾರ್ಚ್‌ನಿಂದ ಅದು 140 ಮತ್ತು 280 ಆಗಿದೆ. ಓದುತ್ತಲೇ ಕಂಪನಿಯಲ್ಲಿ ದುಡಿಯುವವರನ್ನು ಅಲ್ಲಿ ವೆರ್ಕ್‌ಷ್ಟುಡೆಂಟ್ ಅನ್ನುತ್ತಾರೆ. ಕ್ಲಾಸ್ ನಡೆಯುವ ತಿಂಗಳುಗಳಲ್ಲಿ ವಾರಕ್ಕೆ 20 ತಾಸು ದಾಟುವಂತಿಲ್ಲ. ಎರಡು ವರ್ಷ ಉದ್ಯಮಬಾಗದಲ್ಲಿ ಕ್ವಾಲಿಟಿ ನೋಡಿದ ಅನುಭವ ಇತ್ತಲ್ಲ, ಅದರ ಮೇಲೆ ಒಂದು ಕಂಪನಿಯ ಮಾದರಿ ಭಾಗ ತಯಾರಿಸುವ ವಿಭಾಗದಲ್ಲಿ ಕೆಲಸ ಸಿಕ್ಕಿತು.

ಗೋಡೆಗೆ ಮೂರು ಬಣ್ಣದ ಟೈಮ್‌ಟೇಬಲ್ ಅಂಟಿಸಿದೆ. ಕಾಲೇಜಿಗೆ ನೀಲಿ, ಕೆಲಸಕ್ಕೆ ಕೆಂಪು, ಭಾಷೆಗೆ ಹಸಿರು. ಮಂಗಳವಾರ, ಗುರುವಾರ ಸಂಜೆ ಊರಿನ ಫೋಕ್ಸ್‌ಹೋಖ್‌ಷೂಲೆಯಲ್ಲಿ ಜರ್ಮನ್ ಕ್ಲಾಸು. ದೊಡ್ಡವರಿಗಾಗಿ ನಡೆಸುವ ಸಾರ್ವಜನಿಕ ಶಾಲೆ ಅದು, ಫೀ ಕೈಗೆಟಕುತ್ತದೆ. ಆದರೆ ಗುರುವಾರ ಎಂಟು ತಾಸು ಕಾಲ ಮೇಲೆ ನಿಂತು, ಟ್ರೈನ್ ಹಿಡಿದು ಓಡಿ ಬಂದು ಬೆಚ್ಚಗಿನ ಕೋಣೆಯಲ್ಲಿ ಕೂತರೆ ಏನಾಗುತ್ತದೆ? ಕಲಿತದ್ದಕ್ಕಿಂತ ತೂಕಡಿಸಿದ್ದೇ ಜಾಸ್ತಿ. ಗೋಡೆ ಮೇಲಿನ ಹಸಿರು ಮಾತ್ರ ಚಂದ ಕಾಣುತ್ತಿತ್ತು.

ಐದನೇ ತಿಂಗಳು ಒಂದು ಶುಕ್ರವಾರ. ಲೋಹದ ಸರಳು ಕಡಿಯುವ ಗರಗಸ ಯಂತ್ರ, ಬ್ಯಾಂಡ್ ಸಾ ಮುಂದೆ ನಿಂತಿದ್ದೆ. ನಮ್ಮ ಮೈಸ್ಟರ್, ಅಂದರೆ ಶಾಪ್‌ನ ಹಿರಿಯ, ಆ ಕಡೆಯಿಂದಲೇ ಕೂಗಿದ: ಫೀರ್-ಉಂಡ್-ಫ್ಯುನ್ಫ್‌ತ್ಸಿಗ್, ಹನ್ನೆರಡು ತುಂಡು. ಫೀರ್ ಅಂದರೆ ನಾಲ್ಕು, ಫ್ಯುನ್ಫ್ ಅಂದರೆ ಐದು. ಕಿವಿಗೆ ಬಿದ್ದ ಕ್ರಮದಲ್ಲೇ ಕೈ ಬರೆಯಿತು: 45. ಆದರೆ ಜರ್ಮನ್‌ನಲ್ಲಿ ಬಿಡಿ ಮೊದಲು, ಹತ್ತು ಆಮೇಲೆ. ನಾಲ್ಕು-ಮತ್ತು-ಐವತ್ತು. ಬೇಕಿದ್ದದ್ದು 54 ಮಿಲಿಮೀಟರ್.

ಉದ್ದ ಕಡಿದಿದ್ದರೆ ಮತ್ತೆ ಕಡಿಯಬಹುದಿತ್ತು. ಗಿಡ್ಡ ಕಡಿದದ್ದಕ್ಕೆ ಮದ್ದಿಲ್ಲ. ಹನ್ನೆರಡೂ ಕೆಂಪು ಡಬ್ಬಿಗೆ ಹೋದವು. ಅದರ ಮೇಲೆ ಔಸ್‌ಷುಸ್ ಅಂತ ಬರೆದಿರುತ್ತದೆ, ನಮ್ಮ ಬಾಯಲ್ಲಿ ಸ್ಕ್ರ್ಯಾಪ್. ಮೈಸ್ಟರ್ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಒಂದು ತುಂಡು ತೆಗೆದು ನನ್ನ ಅಂಗೈ ಮೇಲಿಟ್ಟ. ನಿಧಾನವಾಗಿ, ಒಂದೊಂದೇ ಅಂಕಿಯಾಗಿ ಹೇಳಿದ: ಫ್ಯುನ್ಫ್, ಫೀರ್. ಇನ್ನು ಮುಂದೆ ಯಾವ ಅಳತೆ ಕೇಳಿದರೂ ಹೀಗೆ ತಿರುಗಿ ಹೇಳು, ಆಮೇಲೆ ಕಡಿ ಅಂದ.

ಆ ರಾತ್ರಿ ನಿದ್ದೆ ಬರಲಿಲ್ಲ. ಹೊರಳಾಡುವಾಗ ನೆನಪಾದದ್ದು ಉದ್ಯಮಬಾಗದಲ್ಲಿ ಲೇತ್, ಅಂದರೆ ಲೋಹವನ್ನು ತಿರುಗಿಸಿ ಕೊರೆಯುವ ಯಂತ್ರ, ನಡೆಸುವ ಕಾಕಾ. ನಾನು ಬೈಲಹೊಂಗಲ ಕಡೆಯವನು, ಬೆಳಗಾವಿಗೆ ಬಂದಾಗ ಮರಾಠಿ ಒಂದಕ್ಷರ ಬರುತ್ತಿರಲಿಲ್ಲ. ಕಾಕಾಗೆ ಅಳತೆ ಮರಾಠಿಯಲ್ಲೇ ಬಾಯಿಗೆ ಬರುತ್ತಿತ್ತು. 54ಕ್ಕೆ ಚೋಪನ್ನ. 45ಕ್ಕೆ ಪಂಚೇಚಾಳೀಸ. ಅಲ್ಲೂ ಬಿಡಿಯೇ ಮೊದಲು! ಚೋ ನಾಲ್ಕು, ಪನ್ನ ಐವತ್ತು. ಆರು ತಿಂಗಳಲ್ಲಿ ಅದು ನನಗೆ ತಪ್ಪೇ ಆಗುತ್ತಿರಲಿಲ್ಲ. ಕನ್ನಡದಲ್ಲಿ ಐವತ್ತು ಮೊದಲು ಬರುತ್ತದೆ ಅಂತ ತಲೆ ಕೆಡಿಸಿಕೊಂಡದ್ದೂ ಇಲ್ಲ. ಇದೇ ಗಂಟನ್ನು ಒಮ್ಮೆ ಬಿಚ್ಚಿದವನು ಜರ್ಮನಿಯಲ್ಲಿ ಯಾಕೆ ಮುಗ್ಗರಿಸಿದೆ?

ಮರಾಠಿಗೆ ನಾನು ಟೈಮ್‌ಟೇಬಲ್ ಹಾಕಿರಲಿಲ್ಲ, ಅದಕ್ಕೆ. ಅದು ಕೆಲಸದ ಒಳಗೇ ಇತ್ತು. ಬೆಳಿಗ್ಗೆ ಕಾಕಾ ಹೇಳಿದ ಅಳತೆ ತಪ್ಪಾಗಿ ಕೇಳಿದರೆ ಸಂಜೆ ಉಗಿಸಿಕೊಳ್ಳಬೇಕಿತ್ತು. ಜರ್ಮನ್ ಮಾತ್ರ ಮೂರನೇ ಪಾಳಿಯ ಹಾಗೆ ಬೇರೆ ಇಟ್ಟಿದ್ದೆ. ಶಾಪ್‌ನಲ್ಲಿ ಕಷ್ಟ ಬಂದ ಕೂಡಲೇ ಇಂಗ್ಲಿಷಿಗೆ ಜಾರುತ್ತಿದ್ದೆ, ಸಂಜೆ ಕ್ಲಾಸಿನಲ್ಲಿ ರೊಟ್ಟಿ ಅಂಗಡಿಯ ಸಂಭಾಷಣೆ ಉರು ಹೊಡೆಯುತ್ತಿದ್ದೆ.

ಮುಂದಿನ ವಾರದಿಂದಲೇ ಗುರುವಾರದ ಕ್ಲಾಸು ಬಿಟ್ಟೆ, ಮಂಗಳವಾರದ್ದು ಇಟ್ಟುಕೊಂಡೆ. ಶರ್ಟಿನ ಜೇಬಿಗೆ ಒಂದು ಚಿಕ್ಕ ನೋಟ್‌ಬುಕ್ ಬಂತು. ಪಾಳಿಯಲ್ಲಿ ಕಿವಿಗೆ ಬಿದ್ದ ನಾಲ್ಕೈದು ಮಾತು, ಅಷ್ಟೇ. ಅದರಲ್ಲಿ ಪುಸ್ತಕದಲ್ಲಿ ಇಲ್ಲದ್ದೇ ಹೆಚ್ಚು. ಅಳತೆ ತೆಗೆಯುವ ವರ್ನಿಯರ್‌ಗೆ ಪುಸ್ತಕದ ಹೆಸರು ಮೆಸ್‌ಶೀಬರ್, ಅಲ್ಲಿನ ಶಾಪ್‌ನವರು ಅನ್ನುತ್ತಿದ್ದದ್ದು ಶೀಬ್‌ಲೇರ. ಫೋನಿನಲ್ಲಿ ಎರಡಕ್ಕೆ ತ್ಸ್ವೈ ಅನ್ನದೆ ತ್ಸ್ವೋ ಅನ್ನುತ್ತಾರೆ, ಮೂರರ ದ್ರೈ ಜೊತೆ ಗೊಂದಲ ಆಗಬಾರದು ಅಂತ. ಡ್ರಾಯಿಂಗ್‌ನಲ್ಲಿ 12,5 ಅಂತ ಅಲ್ಪವಿರಾಮ ಇದ್ದರೆ ಅದು ನಮ್ಮ ಹನ್ನೆರಡೂವರೆ. ಸಮಯದ್ದು ಇನ್ನೊಂದು ಕಥೆ. "ಹಾಲ್ಪ್ ಆಖ್ಟ್"ಗೆ ಬಾ ಅಂದರು. ಅರ್ಧ ಎಂಟು. ನಾನು ಎಂಟೂವರೆಗೆ ಹೋದೆ. ಅದು ಏಳೂವರೆ ಅಂತೆ, ಎಂಟಕ್ಕೆ ಅರ್ಧ ದಾರಿ ನಡೆದ ಹೊತ್ತು.

ಮೇಲೆ ಆ ಭಾಗದ ಆಡುಮಾತು ಬೇರೆ. ಕ್ಲಾಸಿನಲ್ಲಿ ಕೆಲಸ ಮಾಡುವುದಕ್ಕೆ "ಆರ್ಬೈಟೆನ್", ಇವರ ಬಾಯಲ್ಲಿ "ಷಾಫೆ". ಅಲ್ಲ ಅನ್ನುವ "ನಿಶ್ಟ್" ಇವರಲ್ಲಿ "ನೆಟ್". ಇದು ನನಗೆ ಕಷ್ಟ ಅನ್ನಿಸಲಿಲ್ಲ. ಪುಸ್ತಕದಲ್ಲಿ "ಹೋಗುವುದಿಲ್ಲ" ಓದಿ ಮನೆಯಲ್ಲಿ "ಹೋಗಂಗಿಲ್ಲ" ಅನ್ನುತ್ತಲೇ ಬೆಳೆದವರಲ್ವಾ ನಾವು.

ನಿಜವಾಗಿ ನಾಲಿಗೆ ಬಿಚ್ಚಿಸಿದ್ದು ಯೂಬರ್‌ಗಾಬೆ. ಪಾಳಿ ಮುಗಿದಾಗ ಮುಂದಿನವನಿಗೆ ಕೆಲಸ ಒಪ್ಪಿಸುವುದು. ಅದನ್ನು ನಾನೇ ಜರ್ಮನ್‌ನಲ್ಲಿ ಹೇಳುತ್ತೇನೆ ಅಂತ ಕೇಳಿ ಪಡೆದೆ. ಮೂರೇ ವಾಕ್ಯ: ಎಷ್ಟು ಆಯಿತು, ಎಲ್ಲಿ ನಿಂತಿದೆ, ಯಾವುದಕ್ಕೆ ಹುಷಾರು. ದಿನಾ ಅದೇ ಮೂರು ವಾಕ್ಯ, ಅಂಕಿ ಮಾತ್ರ ಬೇರೆ. ಪದದ ಲಿಂಗ ತೋರಿಸಲು ಮುಂದೆ ಹಚ್ಚುವ ಡೆರ್, ಡೀ, ಡಾಸ್ ತಪ್ಪಿದರೆ ಅವರು ಸುಮ್ನೆ ಬಿಡುತ್ತಿದ್ದರು, ಅಂಕಿ ತಪ್ಪಿದರೆ ಬಿಡುತ್ತಿರಲಿಲ್ಲ. ಅದೇ ಸರಿ ಅಂತ ನನಗೂ ಅನ್ನಿಸುತ್ತದೆ.

ಓದಿಗೆ ಮಾತ್ರ ಇಂಥ ಉಪಾಯ ಹೊಂದಲಿಲ್ಲ. ಅದಕ್ಕೆ ತಾಸುಗಳೇ ಬೇಕು. ಎರಡನೇ ಸೆಮಿಸ್ಟರಿನಲ್ಲಿ ಎರಡು ಪರೀಕ್ಷೆ ಮುಂದೂಡಿದೆ, ಕೊನೆಗೆ ಒಂದು ಸೆಮಿಸ್ಟರ್ ಜಾಸ್ತಿ ಹಿಡಿಯಿತು. ಅಂದರೆ ಇನ್ನೊಂದು 1,500 ಯೂರೊ. ಆಗ ಬಹಳ ಮರುಗಿದೆ, ಈಗ ಇಲ್ಲ. ಜೊತೆಗಿದ್ದವನೊಬ್ಬ ಒಂದೂ ಬಿಡದೆ ಎಲ್ಲಾ ಹೊತ್ತುಕೊಂಡು ಹಾಸಿಗೆ ಹಿಡಿದದ್ದನ್ನು ನೋಡಿದ್ದೇನೆ. ಮುಂದೂಡಿದ ಪರೀಕ್ಷೆಯಲ್ಲಿ ನನಗೆ 1.7 ಬಂತು. ಅವ್ವಗೆ ಫೋನಿನಲ್ಲಿ ಹೇಳಿದರೆ, "ಎಷ್ಟಕ್ಕ ಒಂದೂ ಮುಕ್ಕಾಲೋ?" ಅಂತ ಕೇಳಿ ಗಾಬರಿಯಾದಳು. ಅಲ್ಲಿ 1.0 ಎಲ್ಲಕ್ಕಿಂತ ಮೇಲು, 4.0 ದಾಟಿದರೆ ಫೇಲು ಅಂತ ತಿಳಿಸಿ ಹೇಳಲು ಹತ್ತು ನಿಮಿಷ ಹಿಡಿಯಿತು.

ಒಂದು ಮಾತು. ನರ್ಸ್ ಕೆಲಸಕ್ಕೆ ಹೋಗುವವರು ನನ್ನ ದಾರಿ ಹಿಡಿಯಬೇಡಿ. ಅವರಿಗೆ ಸಾಮಾನ್ಯವಾಗಿ ಜರ್ಮನ್ ಭಾಷೆಯ ಬಿ2 ಮಟ್ಟದ ಸರ್ಟಿಫಿಕೇಟ್ ಇಲ್ಲದೆ ಪೂರ್ತಿ ಮಾನ್ಯತೆ ಸಿಗುವುದಿಲ್ಲ. ಕ್ಲಾಸು ಬಿಡುವ ಐಷಾರಾಮ ಅವರಿಗಿಲ್ಲ.

ಇಷ್ಟೆಲ್ಲಾ ಕೇಳಿದ ಹುಡುಗ ಮರುದಿನ ಕಾಕಾನ ಲೇತ್ ಪಕ್ಕ ನಿಂತಿದ್ದ. ಕಾಕಾ ವರ್ನಿಯರ್ ನೋಡಿ "ಚೋಪನ್ನ" ಅಂದರು. ಹುಡುಗ ಜಾಬ್ ಕಾರ್ಡಿನ ಮೇಲೆ 54 ಬರೆದು ಮೆಲ್ಲಗೆ "ಫೀರ್-ಉಂಡ್-ಫ್ಯುನ್ಫ್‌ತ್ಸಿಗ್" ಅಂದ.

ಕಾಕಾ ಲೇತ್ ನಿಲ್ಲಿಸಿ ನನ್ನ ಕಡೆ ತಿರುಗಿದರು. "ಸಾಹೇಬ್ರ, ಈ ಹುಡುಗ ನನಗ ಏನೋ ಬೈಲಿಕ್ಕತ್ಯಾನ ನೋಡ್ರಿ."