ಎರಡನೇ ಮದುವಿ, ಮೊದಲಿನ ಮಕ್ಕಳು

ಹುಬ್ಬಳ್ಳ್ಯಾಗ ಲಗ್ನಪತ್ರಿಕಿ ಅಚ್ಚಾದ ಮ್ಯಾಲೆ ಓಣಿ ಮಂದಿ ಬಾಯಿಂದ ಸುದ್ದಿ ಕೇಳಿದ ಕೂಸು ಮತ್ತ ಅಪ್ಪನ್ನ ನಂಬೂದು ಕಷ್ಟ. ಮಾತುಕತಿ ಗಟ್ಟಿ ಆಗೂಕಿಂತ ಮೊದಲ ನೀವ ಹೇಳ್ರಿ.

ಬಂದಾಕಿಗೆ 'ಅವ್ವಾ' ಅನ್ನಂತ ಒತ್ತಾಯ ಬ್ಯಾಡ, 'ಚಿಗವ್ವ' ಅಂದ್ರೂ ನಡೀತೈತಿ. ತೀರಿಹೋದ ತಾಯಿ ಫೋಟೋ ಗ್ವಾಡಿ ಮ್ಯಾಲೇ ಇರ್ಲಿ. ಮೊದಲ ಒಂದು ವರ್ಷ ಬೈಯೂದು, ತಿದ್ದೂದು ಹಡದವರ ಕೆಲಸ. ಹೊಸಬರು ಮೊದಲ ಗೆಳೆತನ ಮಾಡ್ಲಿ. ದಿನಾ ಅರ್ಧ ತಾಸು ಅಪ್ಪ-ಮಗು ಇಬ್ಬರ ಕೂಡ್ರಿ.

ಬಿಟ್ಟಿದ್ದ ಹಾಸಿಗ್ಯಾಗಿನ ಉಚ್ಚಿ ಮತ್ತ ಶುರುವಾದ್ರ, ಸಾಲಿಗೆ ಹೋಗೂ ಮುಂದ ಹೊಟ್ಟಿನೋವು ಅಂದ್ರ ಅದು ಹಟ ಅಲ್ರೀ, ಸಂಕಟ. ಎರಡು ವಾರ ದಾಟಿದ್ರ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರಿ ಡಿಮ್ಹಾನ್ಸ್‌ಗೆ ತೋರಸ್ರಿ.

1956ರ ಹಿಂದೂ ಪಾಲಕತ್ವ ಕಾಯ್ದೆ ಪ್ರಕಾರ ಮಲತಾಯಿ, ಮಲತಂದೆ ಸಹಜ ಪಾಲಕರಲ್ಲ, ಅಂದ್ರ ಮಗುವಿನ ಪಾಲಕತ್ವ ಅವರಿಗೆ ತಾನಾಗೇ ಬರೂದಿಲ್ಲ. ಮಗುವಿನ ಸ್ವಂತ ಹೊಲ ಮಾರಾಕ ಹಡದಪ್ಪಗೂ ಕೋರ್ಟ್ ಅನುಮತಿ ಬೇಕು.