ಅಟ್ಟದ ಗೋಣಿಚೀಲ ಹೊತ್ತು ನಾಗಮಂಗಲದವರೆಗೆ

ನಾಗಮಂಗಲ ತಾಲ್ಲೂಕಿನಲ್ಲಿರುವ ನಮ್ಮ ಹಳೆಯ ಮನೆಯ ಹೆಂಚು ಇಳಿಸಿದ ವರ್ಷ ಅಟ್ಟದ ಸಾಮಾನುಗಳಲ್ಲಿ ಹೆಚ್ಚಿನವು ಗುಜರಿಯವನ ತಕ್ಕಡಿ ಏರಿದವು. ಏನೆಂದು ತಿಳಿಯದ ಕೆಲವನ್ನು ಮಾತ್ರ ನಾನು ಗೋಣಿಚೀಲಕ್ಕೆ ತುಂಬಿ ಬೆಂಗಳೂರಿಗೆ ತಂದಿದ್ದೆ. ಎರಡು ವರ್ಷ ಅವು ಬಾಲ್ಕನಿಯ ಮೂಲೆಯಲ್ಲಿ ಬಿದ್ದಿದ್ದವು. ಕಳೆದ ಮಾಗಿಯಲ್ಲಿ ಊರಿಗೆ ಹೊರಟಾಗ, ಅವನ್ನು ದಾರಿಯಲ್ಲಿ ಬಲ್ಲವರಿಗೆ ತೋರಿಸಿ ಹೆಸರು ತಿಳಿದುಕೊಂಡೇ ಹಿಂದಿರುಗಬೇಕೆಂದು ನಿಶ್ಚಯಿಸಿ ಚೀಲವನ್ನು ಕಾರಿಗೆ ಹಾಕಿಕೊಂಡೆ. ಜೊತೆಗೆ ಬಂದವರು ನಮ್ಮ ಚಿಕ್ಕಪ್ಪ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಅವರು ಊರು ಬಿಟ್ಟದ್ದು ಹತ್ತನೆಯ ವಯಸ್ಸಿನಲ್ಲಿ. ಆದರೂ ಊರಿನ ಯಾವುದೇ ವಸ್ತುವಿನ ಬಗ್ಗೆ ತಮಗೆ ಗೊತ್ತಿಲ್ಲವೆಂದು ಅವರು ಒಪ್ಪಿಕೊಂಡದ್ದನ್ನು ನಾನು ಕಂಡಿಲ್ಲ.

ಚೀಲದಲ್ಲಿ ಇದ್ದವು ಇವು: ಸುತ್ತಲೂ ಬಾಗಿದ ಕೊಕ್ಕೆಗಳು ನೇತಾಡುವ ಒಂದು ಕಬ್ಬಿಣದ ಬಳೆ, ಮೊಳದುದ್ದದ ಎರಡು ಬಿದಿರಿನ ಕೊಳವೆಗಳು, ತಳದಲ್ಲಿ ನಾಲ್ಕು ತೂತುಗಳಿದ್ದ ಮರದ ಬಟ್ಟಲು, ಸಡಿಲವಾದ ಚರ್ಮದ ದಾರ ಕಟ್ಟಿದ ಒಂದು ಕೋಲು, ಅರ್ಧಚಂದ್ರಾಕಾರದ ಐದಾರು ಕಬ್ಬಿಣದ ತುಣುಕುಗಳು. ಇವಲ್ಲದೆ ಕಬ್ಬಿಣದ ಬಳೆಯ ಒಂದು ಕೊಕ್ಕೆಗೆ ಸಿಕ್ಕಿಸಿಟ್ಟಿದ್ದ ಹಿತ್ತಾಳೆಯ ಚೊಂಬು. ಚೊಂಬನ್ನು ಗುರುತಿಸಲು ಯಾರ ಸಹಾಯವೂ ಬೇಕಿರಲಿಲ್ಲವಾದ್ದರಿಂದ ಅದರ ಕಡೆಗೆ ನಾವಿಬ್ಬರೂ ಗಮನ ಕೊಡಲಿಲ್ಲ.

ಮೊದಲು ಇಳಿದದ್ದು ರಾಮನಗರದ ಜಾನಪದ ಲೋಕದಲ್ಲಿ. ಅದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರೂ ನಾಗಮಂಗಲ ಸೀಮೆಯವರೇ. ಐಎಎಸ್ ಅಧಿಕಾರಿಯಾಗಿದ್ದ ಅವರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, 1994ರಲ್ಲಿ ಹೆದ್ದಾರಿಯ ಬದಿಯ ಹದಿನೈದು ಎಕರೆಯಲ್ಲಿ ಈ ಲೋಕವನ್ನು ತೆರೆದರು. ಅಲ್ಲಿ ನನಗೆ ಅತ್ಯಂತ ಉಪಯುಕ್ತವಾಗಿ ಕಂಡದ್ದು ಆಯಗಾರರ ಮಾಳ. ಕಮ್ಮಾರ, ಬಡಗಿ, ಕುಂಬಾರ ಮೊದಲಾದ ಕಸುಬಿನವರಿಗೆ ಸುಗ್ಗಿಯ ಕಣದಲ್ಲಿ ರೈತರು ಅಳೆದು ಕೊಡುತ್ತಿದ್ದ ಪಾಲೇ ಆಯ. ಆ ಪಾಲಿಗೆ ಬದಲಾಗಿ ವರ್ಷವಿಡೀ ದುಡಿಯುತ್ತಿದ್ದ ಕೈಗಳ ಸಲಕರಣೆಗಳು ಅಲ್ಲಿವೆ. ಒಂಟಿಯಾಗಿ ಬಿದ್ದಿರುವ ಉಪಕರಣ ಒಗಟಿನಂತಿರುತ್ತದೆ, ತನ್ನ ಕಸುಬಿನ ಉಳಿದ ಸಾಮಾನಿನ ನಡುವೆ ಇಟ್ಟರೆ ತಾನಾಗಿ ಬಿಡಿಸಿಕೊಳ್ಳುತ್ತದೆ ಎಂಬುದು ಅಲ್ಲಿ ಅಡ್ಡಾಡುವಾಗ ಹೊಳೆಯಿತು.

ಅರ್ಧಚಂದ್ರದ ತುಣುಕುಗಳ ವಿಷಯ ಅಲ್ಲಿಯೇ ಬಗೆಹರಿಯಿತು. ಕುದುರೆಯ ಲಾಳ ಇಡಿಯಾಗಿ ಬಾಗಿರುತ್ತದೆ. ಎತ್ತಿನ ಗೊರಸು ಸೀಳಿರುವುದರಿಂದ ಅದಕ್ಕೆ ಎರಡು ಪ್ರತ್ಯೇಕ ತುಣುಕುಗಳು ಬೇಕು. ಚಿಕ್ಕಪ್ಪ ಇದನ್ನು ನನಗಿಂತ ಮೊದಲೇ ಹೇಳಿದರು, ಒಪ್ಪುತ್ತೇನೆ. ಆದರೆ ಕೊಕ್ಕೆಗಳ ಬಳೆಯನ್ನು ಅವರು ಮಾಂಸ ತೂಗುಹಾಕುವ ಸಾಧನವೆಂದು ಸಾಧಿಸುತ್ತಿರುವಾಗಲೇ, ಮೊಮ್ಮಕ್ಕಳೊಡನೆ ಬಂದಿದ್ದ ಹಾಸನದ ಕಡೆಯ ಹೆಂಗಸೊಬ್ಬರು ಚೀಲದೊಳಗೆ ಇಣುಕಿ, "ಅಯ್ಯೋ, ಪಾತಾಳಗರಡಿ! ಇದನ್ನ ನೋಡಿ ಎಷ್ಟು ಕಾಲ ಆಯ್ತು" ಎಂದುಬಿಟ್ಟರು. ಹಗ್ಗ ಹರಿದು ಬಾವಿಯ ತಳ ಸೇರಿದ ಕೊಡವನ್ನೋ ಬಿಂದಿಗೆಯನ್ನೋ ಎತ್ತುವ ಸಾಧನ ಅದು. ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ತಳದಲ್ಲಿ ಮೆಲ್ಲಗೆ ಎಳೆದಾಡಿಸಿದರೆ, ಯಾವುದಾದರೊಂದು ಕೊಕ್ಕೆ ಕೊಡದ ಕೊರಳ ಕುಣಿಕೆಗೋ ಬಕೆಟ್ಟಿನ ಹಿಡಿಗೋ ಸಿಕ್ಕಿಕೊಳ್ಳುತ್ತದೆ. ಕೊಕ್ಕೆಗಳು ಎಲ್ಲ ದಿಕ್ಕಿಗೂ ಬಾಗಿರುವುದು ಏಕೆಂದು ಆಗ ಅರ್ಥವಾಯಿತು: ನೀರಿನ ಕತ್ತಲಲ್ಲಿ ಕೊಡ ಯಾವ ಮಗ್ಗುಲಿಗೆ ಮಲಗಿದೆಯೋ ಮೇಲಿನವರಿಗೆ ತಿಳಿಯದು.

ಚನ್ನಪಟ್ಟಣದಲ್ಲಿ ಕಾರು ನಿಲ್ಲಿಸಿದ್ದು ಕಾಫಿಗೆಂದು. ಪಕ್ಕದ ಓಣಿಯಲ್ಲಿ ಗೊಂಬೆ ಕಡೆಯುವ ಸಣ್ಣ ಕಾರ್ಖಾನೆಯೊಂದು ಕಾಣಿಸಿದ್ದರಿಂದ ದಾರ ಕಟ್ಟಿದ ಕೋಲನ್ನು ಕೈಯಲ್ಲಿ ಹಿಡಿದು ಒಳಗೆ ಹೋದೆವು. ಹಾಲೆಮರದ ತುಂಡು ಲೇತಿನಲ್ಲಿ ತಿರುಗುತ್ತಿತ್ತು. ಅದಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದೊಡನೆ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಳದಿ ಬಣ್ಣ ಏರುತ್ತಿತ್ತು. ಕೆಲಸದಲ್ಲಿದ್ದ ಹಿರಿಯರು ಯಂತ್ರ ನಿಲ್ಲಿಸಿ ಕೋಲನ್ನು ತಿರುಗಿಸಿ ನೋಡಿದರು. ತಮ್ಮ ಹಿರಿಯರೂ ಬಿಲ್ಲಿನಿಂದಲೇ ಮರ ತಿರುಗಿಸಿ ಕಡೆಯುತ್ತಿದ್ದರು, ಆದರೆ ಇದು ಆ ಬಿಲ್ಲಲ್ಲ ಎಂದರು. ಬಳಿಕ ಚರ್ಮದ ದಾರದ ಮೇಲೆ ಬೆರಳಾಡಿಸಿ, ತುದಿಗಳು ಇನ್ನೂ ಒರಟಾಗಿಯೇ ಇದ್ದು ನಡುವಿನ ಗೇಣುದ್ದ ಮಾತ್ರ ಕನ್ನಡಿಯಂತೆ ಸವೆದು ಕಪ್ಪಾಗಿರುವುದನ್ನು ತೋರಿಸಿದರು. ಪಕ್ಕದಲ್ಲಿ ಬಿದ್ದಿದ್ದ ಕಿರುಗೋಲೊಂದಕ್ಕೆ ದಾರವನ್ನು ಒಂದೇ ಸುತ್ತು ಹಾಕಿ, ಅದರ ತಲೆಯನ್ನು ಎಡಗೈಯ ತೆಂಗಿನ ಚಿಪ್ಪಿನಿಂದ ಒತ್ತಿ ಹಿಡಿದು, ಬಲಗೈಯಲ್ಲಿ ಬಿಲ್ಲನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದಾಗ ಕಿರುಗೋಲು ಗಿರಗಿರನೆ ತಿರುಗಿತು. ಬಡಗಿಯ ಬೈರಿಗೆ! ನಮ್ಮಲ್ಲಿ ಉಳಿದದ್ದು ಬಿಲ್ಲು ಮಾತ್ರ; ಮೊನೆಯ ಅಲಗಿದ್ದ ಕದಿರು ಗುಜರಿಗೆ ಹೋಗಿರಬೇಕು. ದಾರ ಸಡಿಲವಾಗಿದ್ದದ್ದು ಹಳೆಯದಾದ್ದರಿಂದಲ್ಲ, ಕದಿರಿಗೆ ಸುತ್ತು ಹಾಕಲು ಬೇಕಾದಷ್ಟು ಸಡಿಲವನ್ನು ಬಡಗಿ ಬೇಕೆಂದೇ ಬಿಟ್ಟಿದ್ದ. ಆ ಸಡಿಲು ಕಂಡು ಅದನ್ನು ಮಕ್ಕಳ ಆಟದ ಬಿಲ್ಲೆಂದು ಬರೆದಿಟ್ಟುಕೊಂಡಿದ್ದ ಚೀಟಿಯನ್ನು ನಾನು ಅಲ್ಲಿಯೇ ಹರಿದುಹಾಕಿದೆ.

ಮದ್ದೂರಿನಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದ ಮೇಲೆ ಗದ್ದೆ, ಕಬ್ಬು ಹಿಂದೆ ಸರಿದು ರಾಗಿಯ ಹೊಲಗಳು ಬರುತ್ತವೆ. ಊರು ತಲುಪಿದಾಗ ಮಧ್ಯಾಹ್ನ ಮೂರಾಗಿತ್ತು. ಮೇಲಿನ ಮನೆಯ ಅಜ್ಜಿ ಜಗುಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ನಾನು ಎರಡು ಬಿದಿರಿನ ಕೊಳವೆಗಳನ್ನು ಜೋಡಿ ಎಂದುಕೊಂಡು ಒಟ್ಟಿಗೆ ಮುಂದೆ ಇಟ್ಟೆ. ಅಜ್ಜಿ ನಕ್ಕು, "ಒಂದೊಂದನ್ನೇ ಕಣ್ಣಿಗಿಟ್ಕಂಡು ನೋಡು ಮಗ, ಬೆಳಕು ಕಾಣ್ತದಾ?" ಎಂದರು. ಒಂದರಲ್ಲಿ ಕಂಡಿತು, ಇನ್ನೊಂದರ ತಳ ಗೆಣ್ಣಿನಿಂದ ಮುಚ್ಚಿತ್ತು. ಮುಚ್ಚಿದ್ದು ಗೊಟ್ಟ. ದನಕ್ಕೆ ಕಾಯಿಲೆಯಾದಾಗ ಕಷಾಯ ತುಂಬಿ, ಓರೆಯಾಗಿ ಕೊಯ್ದ ಬಾಯನ್ನು ದವಡೆಯ ಪಕ್ಕದಿಂದ ತೂರಿಸಿ ಗಂಟಲಿಗೆ ಹುಯ್ಯುವ ಕೊಳವೆ ಅದು. ಅಜ್ಜಿ ಹೇಳಿದ ಮೇಲೆ ನೋಡಿದರೆ ಓರೆಯ ಅಂಚಿನ ತುಂಬ ಹಲ್ಲಿನ ಗುರುತುಗಳಿದ್ದವು. ಎರಡು ವರ್ಷ ಅದನ್ನು ನಾನು ಇಲಿ ಕಡಿದದ್ದೆಂದು ತಿಳಿದಿದ್ದೆ.

ಬೆಳಕು ಕಂಡದ್ದು ಸಡ್ಡೆ. ಅದರ ಜೊತೆಗಾರ ಬಿದಿರಲ್ಲ, ತೂತಿನ ಬಟ್ಟಲು. ಬಟ್ಟಲು ಎತ್ತು ಎಳೆಯುವ ಬಿತ್ತನೆಯ ಸಾಧನವಾದ ನಾಲ್ಕು ಸಾಲಿನ ಕೂರಿಗೆಯ ತಲೆ. ಅದಕ್ಕೆ ಬಿಟ್ಟ ರಾಗಿ ನಾಲ್ಕು ತೂತುಗಳಿಂದ ನಾಲ್ಕು ಕೊಳವೆಗಳಿಗೆ ಇಳಿದು, ಕೂರಿಗೆಯ ಕಾಲುಗಳು ಸೀಳಿದ ಗೆರೆಗಳಲ್ಲಿ ಬೀಳುತ್ತದೆ. ಕೂರಿಗೆಯ ಹಿಂದೆ ಹಗ್ಗದಿಂದ ಕಟ್ಟಿದ ಸಡ್ಡೆಯನ್ನು ಬೇರೊಬ್ಬರು ಹಿಡಿದು, ಮುಖ್ಯ ಬೆಳೆಯ ನಡುವೆ ಬೇರೆ ಕಾಳು ಬಿತ್ತುವ ಅಕ್ಕಡಿ ಸಾಲಿಗೆ ಅವರೆಯನ್ನೋ ತೊಗರಿಯನ್ನೋ ಬಿಡುತ್ತಾರೆ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ 1807ರಲ್ಲಿ ತನ್ನ ಪ್ರವಾಸದ ಸಂಪುಟಗಳನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ಕೂರಿಗೆಯನ್ನು ವಿವರವಾಗಿ ವರ್ಣಿಸಿದ್ದಾನೆ. ಆ ವರ್ಣನೆಯನ್ನು ನಾನು ಹಿಂದೆಯೇ ಓದಿದ್ದೆ. ಓದಿಯೂ ಮನೆಯ ಬಟ್ಟಲನ್ನು ಗುರುತಿಸಲಾಗಲಿಲ್ಲ. ಅಜ್ಜಿ ಬಟ್ಟಲಿನ ಮೇಲೆ ಮುಷ್ಟಿ ಹಿಡಿದು, ಬೆರಳುಗಳ ಸಂದಿಯಿಂದ ಇಲ್ಲದ ಕಾಳನ್ನು ಸಡಿಲಿಸುತ್ತ, ಎತ್ತಿನ ನಡಿಗೆಗೆ ಸರಿಯಾಗಿ ಮಣಿಕಟ್ಟು ಆಡಿಸಿ ತೋರಿಸಿದರು. ಒಂದು ತೂತಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬಿದ್ದರೆ ಪೈರು ಮೇಲೆದ್ದ ದಿನ ಊರಿಗೆಲ್ಲ ಕಾಣುತ್ತಿತ್ತಂತೆ. ಬಟ್ಟಲಿನ ಒಂದು ಮಗ್ಗುಲ ಅಂಚು ಮಾತ್ರ ಏಕೆ ನುಣುಪಾಗಿದೆಯೆಂಬ ನನ್ನ ಬಹುದಿನದ ಪ್ರಶ್ನೆಗೆ ಅವರ ಮಣಿಕಟ್ಟು ಅದೇ ಜಾಗದಲ್ಲಿ ಊರಿದ್ದೇ ಉತ್ತರವಾಯಿತು.

ಕೊನೆಗೆ ಪಾತಾಳಗರಡಿಯನ್ನು ತೆಗೆದೆ. ಅದು ಊರಿಗೆಲ್ಲ ಒಂದೇ ಇತ್ತು, ಅದು ನಮ್ಮ ಮನೆಯಲ್ಲಿತ್ತು ಎಂದರು ಅಜ್ಜಿ. ಕೇಳಿ ಬಂದವರು ಹಿತ್ತಾಳೆಯ ಪಾತ್ರೆಯೊಂದನ್ನು ಅಡ ಇಟ್ಟು ಒಯ್ಯಬೇಕಾಗಿತ್ತಂತೆ. ಇಲ್ಲದಿದ್ದರೆ ಗರಡಿ ಮನೆಯಿಂದ ಮನೆಗೆ ಸುತ್ತಿ ಕಳೆದೇ ಹೋಗುತ್ತಿತ್ತು. ಚಿಕ್ಕಪ್ಪ ಮಾತಿಲ್ಲದೆ ಎದ್ದು ಕಾರಿನಿಂದ ಚೊಂಬನ್ನು ತಂದು ಅದರ ಕೊರಳನ್ನು ಪಂಚೆಯ ತುದಿಯಿಂದ ಉಜ್ಜಿದರು. ಚುಕ್ಕಿ ಚುಕ್ಕಿಯಾಗಿ ಕೆತ್ತಿದ್ದ ಮೂರು ಅಕ್ಷರಗಳು ಎದ್ದು ಕಂಡವು. ನಮ್ಮ ಮನೆಯವರ ಹೆಸರಿನವಲ್ಲ. ಓದಿ ಹೇಳಿದಾಗ ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, "ಕೆರೆ ಕೆಳಗಿನ ಮನೆಯೋರು. ಮೈಸೂರು ಸೇರಿ ಬೋ ವರ್ಷ ಆಯ್ತು" ಎಂದರು.

"ಗರಡಿ ನಮ್ಮ ಅಟ್ಟದಲ್ಲೇ ಇತ್ತು. ಅಂದರೆ ಅವರು ತಂದುಕೊಟ್ಟಿದ್ದಾರೆ ಮಗ, ನಾವೇ ಚೊಂಬು ಕೊಟ್ಟಿಲ್ಲ" ಎಂದರು ಚಿಕ್ಕಪ್ಪ. ಹಿಂದಿರುಗುವಾಗ ಚೀಲವನ್ನು ಡಿಕ್ಕಿಗೆ ಹಾಕಿದೆವು. ಚೊಂಬನ್ನು ಮಾತ್ರ ಅವರು ಮಡಿಲಲ್ಲೇ ಇಟ್ಟುಕೊಂಡು, ಮೈಸೂರಿನಲ್ಲಿ ಆ ಮನೆಯವರ ಗುರುತಿರಬಹುದಾದವರಿಗೆಲ್ಲ ಒಬ್ಬೊಬ್ಬರಂತೆ ಫೋನ್ ಹಚ್ಚತೊಡಗಿದರು.